ಕೈದಿಯ ಕೈಯಡುಗೆ ಮತ್ತು ಸಮಾಜದ ಹೊಣೆ

ನ್ಯಾಯಾಲಯ ವಿಧಿಸುವ ಶಿಕ್ಷೆಗೆ ಒಂದು ಅವಧಿಯಿದೆ. ಆದರೆ ಸಮಾಜ ವಿಧಿಸುವ ಶಿಕ್ಷೆಗೆ ಅವಧಿಯೆಂಬುದೇ ಇಲ್ಲ. ಸೆರೆಮನೆಯಿಂದ ಬಿಡುಗಡೆಯಾದವನು ಕೆಲಸ ಕೇಳಿದರೆ ಪೂರ್ವಾಪರ ವಿಚಾರಿಸುತ್ತಾರೆ. ಸತ್ಯ ಹೇಳಿದರೆ ಬಾಗಿಲು ಮುಚ್ಚುತ್ತಾರೆ. ಹೀಗೆ ಎಲ್ಲೆಡೆಯೂ ತಿರಸ್ಕೃತನಾದವನು ಮರಳಿ ಅಪರಾಧದ ಹಾದಿ ಹಿಡಿದರೆ ಅದರ ಹೊಣೆಯಲ್ಲಿ ನಮ್ಮ ಪಾಲು ಇಲ್ಲವೇ?

ಈ ಪ್ರಶ್ನೆಗೆ ಅಡುಗೆಮನೆಯಲ್ಲಿ ಉತ್ತರ ಹುಡುಕಿದವರಿದ್ದಾರೆ. ಅಮೆರಿಕದ ರಾಜಧಾನಿ ವಾಷಿಂಗ್ಟನ್‌ನಲ್ಲಿ 1989ರಲ್ಲಿ ರಾಬರ್ಟ್ ಎಗ್ಗರ್ ಎಂಬವರು ‘ಡಿಸಿ ಸೆಂಟ್ರಲ್ ಕಿಚನ್’ ಸ್ಥಾಪಿಸಿದರು. ಔತಣಗಳಲ್ಲಿ ಉಳಿದ ಆಹಾರವನ್ನು ಸಂಗ್ರಹಿಸಿ ಹಸಿದವರಿಗೆ ತಲುಪಿಸುವುದು ಅದರ ಆರಂಭಿಕ ಕೆಲಸವಾಗಿತ್ತು. ಆದರೆ ಅದು ಅಷ್ಟಕ್ಕೇ ನಿಲ್ಲಲಿಲ್ಲ. ಸೆರೆವಾಸ, ಮಾದಕ ವ್ಯಸನ ಮತ್ತು ಬೀದಿಬದುಕಿನಿಂದ ಹೊರಬರಲು ಹೆಣಗುತ್ತಿದ್ದವರಿಗೆ ಅಡುಗೆಯ ವೃತ್ತಿಯನ್ನು ಕಲಿಸಿತು. ಅಷ್ಟೇ ಅಲ್ಲ, ಶಾಲೆಗಳಿಗೆ ಊಟ ಪೂರೈಸುವ ಗುತ್ತಿಗೆ ಪಡೆದು, ತಾನು ತರಬೇತು ನೀಡಿದವರನ್ನೇ ಕೆಲಸಕ್ಕೆ ನೇಮಿಸಿಕೊಂಡಿತು. ಪ್ರಮಾಣಪತ್ರ ಕೊಟ್ಟು ಕೈತೊಳೆದುಕೊಳ್ಳುವುದಕ್ಕೂ ಸಂಬಳ ಕೊಡುವುದಕ್ಕೂ ಇರುವ ಅಂತರ ಇದು.

ನಮ್ಮ ನೆರೆಯ ಕೇರಳದ ಸೆರೆಮನೆಗಳಲ್ಲಿ ಕೈದಿಗಳು ತಯಾರಿಸುವ ಚಪಾತಿ, ಬಿರಿಯಾನಿಗಳನ್ನು ‘ಫ್ರೀಡಂ’ ಹೆಸರಿನಲ್ಲಿ ಸಾರ್ವಜನಿಕರಿಗೆ ಮಾರಲಾಗುತ್ತಿದೆ. ತೃಶ್ಶೂರಿನ ವಿಯ್ಯೂರು ಕೇಂದ್ರ ಕಾರಾಗೃಹದ ಊಟವು 2019ರಲ್ಲಿ ಸ್ವಿಗ್ಗಿಯ ಮೂಲಕ ಮನೆಬಾಗಿಲಿಗೂ ತಲುಪಿತು. ಕೈದಿಯ ಕೈಯಡುಗೆಯನ್ನು ಜನರು ಹಣ ಕೊಟ್ಟು ತಿನ್ನುತ್ತಾರೆಂದಾದರೆ, ಆತ ಬಿಡುಗಡೆಯಾದ ಬಳಿಕ ಹೋಟೆಲುಗಳು ಅವನನ್ನು ಸೇರಿಸಿಕೊಳ್ಳಲು ಅಳುಕುವುದೇಕೆ?

ಆದರೆ ಈ ಅಡುಗೆಮನೆಯ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲವೆಂಬ ಕಹಿಸತ್ಯವನ್ನೂ ಮರೆಯಬಾರದು. ಸೆರೆಮನೆಯ ಅಡುಗೆಯನ್ನು ‘ಸೂಕ್ತ ಜಾತಿ’ಯ ಕೈದಿಗಳೇ ಮಾಡಬೇಕೆಂಬ ನಿಯಮ ಪಶ್ಚಿಮ ಬಂಗಾಳದಲ್ಲಿತ್ತು. ಜಾತಿಯಾಧಾರದಲ್ಲಿ ಕೆಲಸ ಹಂಚುವ ಇಂತಹ ನಿಯಮಗಳನ್ನು ಸುಪ್ರೀಂ ಕೋರ್ಟ್ ಅಸಾಂವಿಧಾನಿಕವೆಂದು ಸಾರಿದ್ದು 2024ರ ಅಕ್ಟೋಬರ್ 3ರಂದು. ಒಬ್ಬನ ಕೈಗೆ ಸೌಟು, ಇನ್ನೊಬ್ಬನ ಕೈಗೆ ಪೊರಕೆ ಎಂದು ಹುಟ್ಟಿನಿಂದಲೇ ನಿರ್ಧರಿಸುವಲ್ಲಿ ಸುಧಾರಣೆಯ ಮಾತಿಗೆ ಏನು ಅರ್ಥವಿದೆ? ತೀರ್ಪು ಬಂದರೆ ಸಾಲದು, ಅದು ಒಲೆಯ ಬಳಿಗೂ ತಲುಪಬೇಕು.

ಇನ್ನೊಂದು ಕೊರತೆ ಇದಕ್ಕಿಂತಲೂ ದೊಡ್ಡದು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಅಂಕಿಅಂಶಗಳ ಪ್ರಕಾರ, 2022ರ ಕೊನೆಗೆ ದೇಶದ ಸೆರೆಮನೆಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು. ಅಪರಾಧ ಸಾಬೀತಾಗದೆಯೇ ಯೌವನ ಕಳೆದುಕೊಳ್ಳುವವರು ಇವರು. ಸೆರೆಮನೆಯ ದುಡಿಮೆ ಮತ್ತು ಕೂಲಿಯ ವ್ಯವಸ್ಥೆ ಮುಖ್ಯವಾಗಿ ರೂಪುಗೊಂಡಿರುವುದು ಶಿಕ್ಷೆಗೊಳಗಾದವರಿಗಾಗಿ. ನಿರ್ದೋಷಿಯೆಂದು ಹೊರಬರುವವನು ಬರಿಗೈಯಲ್ಲಿ ಬರುತ್ತಾನೆ. ಕಳಂಕ ಮಾತ್ರ ಅವನನ್ನು ಬಿಡುವುದಿಲ್ಲ. ದುಡಿಮೆಯನ್ನು ಹೇರದೆ, ಕಲಿಯಲು ಬಯಸುವ ವಿಚಾರಣಾಧೀನರಿಗೂ ತರಬೇತಿ ನೀಡುವುದು ಸರಕಾರದ ಕರ್ತವ್ಯ.

ಉಳಿದದ್ದು ನಮ್ಮ ಕರ್ತವ್ಯ. ನಮ್ಮ ನಡುವೆ ಹೋಟೆಲ್, ಬೇಕರಿ, ಕೇಟರಿಂಗ್ ನಡೆಸುವವರಿಗೆ ಕೊರತೆಯಿಲ್ಲ. ಅವರಲ್ಲಿ ಪ್ರತಿಯೊಬ್ಬರೂ ಇಂತಹ ಒಬ್ಬನಿಗಾದರೂ ಕೆಲಸ ಕೊಟ್ಟರೆ, ನ್ಯಾಯವಾದ ಸಂಬಳ ಕೊಟ್ಟರೆ, ಅವನ ಗತವನ್ನು ಗಿರಾಕಿಗಳ ಮುಂದೆ ಎತ್ತಿಯಾಡದಿದ್ದರೆ ಒಂದು ಕುಟುಂಬ ಉಳಿಯುತ್ತದೆ. ತಪ್ಪಿತಸ್ಥನಿಗೆ ಶಿಕ್ಷೆಯಾಗಲಿ ಎಂದು ಕೂಗುವ ಸಮಾಜಕ್ಕೆ, ಶಿಕ್ಷೆ ಮುಗಿಸಿ ಬಂದವನಿಗೆ ಜಾಗ ಬಿಡುವ ಹೊಣೆಯೂ ಇದೆ.