ಹೂಳು ಹೊತ್ತೊಯ್ಯುವ ಮೊದಲು ತಳ ಪರೀಕ್ಷಿಸಿ

ಕಳೆದ ವರ್ಷ ಮಳೆಗಾಲದ ಶುರುವಿನಲ್ಲಿ ಕಾಕಾ ಫೋನ್ ಮಾಡಿ, ‘ಏ ತಮ್ಮಾ, ನಿಮ್ಮಪ್ಪನ ರಾಡಿ ನನ್ನ ಹೊಲಕ್ಕ ಬಂದದ, ಬಂದು ನೋಡಿ ಹೋಗು’ ಎಂದ. ಸಿಟ್ಟಿನಲ್ಲಿದ್ದನೋ ತಮಾಷೆ ಮಾಡುತ್ತಿದ್ದನೋ ಗೊತ್ತಾಗಲಿಲ್ಲ. ಅಪ್ಪ ಶಹಾಬಾದಿನ ಒಂದು ಫರ್ಸಿ ಪಾಲಿಶ್ ಯೂನಿಟ್‌ನಲ್ಲಿ ಇಪ್ಪತ್ತೆರಡು ವರ್ಷದಿಂದ ಮಷೀನ್ ನಡೆಸುತ್ತಾನೆ. ಕಾಕಾನದು ಊರ ಹೊರಗಿನ ಹಳ್ಳದ ಕೆಳಗೆ ಮೂರು ಎಕರೆ ತೊಗರಿ ಹೊಲ. ಅಣ್ಣ ತಮ್ಮಂದಿರ ನಡುವೆ ಆವರೆಗೆ ರಾಡಿಯ ಮಾತು ಬಂದಿದ್ದಿಲ್ಲ.

ಆಗಿದ್ದಿಷ್ಟು. ಬೇಸಿಗೆಯಲ್ಲಿ ಹಳ್ಳದ ಚೆಕ್ ಡ್ಯಾಮಿನ ಹೂಳನ್ನು ಜೆಸಿಬಿಯಿಂದ ಎತ್ತಿಸಿದರು. ರೈತರು ಬೇಕಾದಷ್ಟು ಒಯ್ಯಬಹುದು, ಮಣ್ಣು ಪುಕ್ಕಟೆ, ಟ್ರ್ಯಾಕ್ಟರ್ ಬಾಡಿಗೆ ಮಾತ್ರ ಅವರದು. ನಮ್ಮ ಕಡೆ ನೆಲದ ಕೆಳಗೆ ಗೇಣುದ್ದಕ್ಕೇ ಕಲ್ಲು ಸಿಗುವ ಹೊಲಗಳಿವೆ. ಅಂಥ ಹೊಲ ಇದ್ದವರಿಗೆ ಹೂಳು ಅಂದರೆ ಬಂಗಾರ. ಕಾಕಾ ಹದಿನಾಲ್ಕು ಟ್ರಾಲಿ ಹೊಡೆಸಿ ಅರ್ಧ ಎಕರೆಗೆ ಹರವಿದ. ಬಿತ್ತಿದ ಮೇಲೆ ಒಂದು ಒಳ್ಳೆಯ ಮಳೆ ಬಂತು, ಎರಡು ದಿನ ಬಿಸಿಲು ಬಿತ್ತು. ಮೇಲ್ಪದರ ಹಪ್ಪಳದ ಹಾಗೆ ಗಟ್ಟಿಯಾಗಿ ಬೆಳ್ಳಗಾಯಿತು. ಅರ್ಧಕ್ಕರ್ಧ ಬೀಜ ಮೇಲೇಳಲಿಲ್ಲ. ಎದ್ದ ಸಸಿಗಳ ಎಳೆ ಎಲೆ ಹಳದಿ, ನರ ಮಾತ್ರ ಹಸಿರು. ಕಾಕಾ ಅಷ್ಟು ಜಾಗಕ್ಕೆ ಮತ್ತೆ ಬಿತ್ತಬೇಕಾಯಿತು.

ಆ ಬಿಳಿ ಬಣ್ಣ ಎಲ್ಲಿಂದ ಬಂತು ಎಂದು ಶಹಾಬಾದಿನವರಿಗೆ ಹೇಳಬೇಕಿಲ್ಲ. ಫರ್ಸಿಯನ್ನು ಪಾಲಿಶ್ ಮಾಡುವಾಗ ಕಲ್ಲಿನ ಮೇಲೆ ಸತತ ನೀರು ಬಿಡುತ್ತಾರೆ. ತಿಕ್ಕಿದ ಪುಡಿ ನೀರಿನ ಜೊತೆ ಹಾಲಿನಂತೆ ಹರಿದು ಗಟಾರಕ್ಕೆ, ಗಟಾರದಿಂದ ಹಳ್ಳಕ್ಕೆ, ಅಲ್ಲಿಂದ ಕಾಗಿಣಾಕ್ಕೆ ಹೋಗುತ್ತದೆ. ಕಾಗಿಣಾ ತೆಲಂಗಾಣದ ತಾಂಡೂರಿನ ಮೇಲಿಂದ ಬರುತ್ತದೆ. ಅದೂ ಫರ್ಸಿಯ ಊರೇ. ಮುಂದೆ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಮಗ್ಗುಲಲ್ಲಿ ಹಾದು ನಮ್ಮ ಕಡೆ ಬಂದು ಭೀಮೆಯನ್ನು ಸೇರುತ್ತದೆ. ಒಂದೇ ನದಿಗೆ ಮೇಲೊಂದು ಕಲ್ಲಿನ ಊರು, ಕೆಳಗೊಂದು ಕಲ್ಲಿನ ಊರು.

ನಾನು ಸಿವಿಲ್ ಎಂಜಿನಿಯರಿಂಗ್ ಐದನೇ ಸೆಮಿಸ್ಟರ್. ಪರಿಸರ ಎಂಜಿನಿಯರಿಂಗ್ ಲ್ಯಾಬಿಗೆ ಅದೇ ಹಳ್ಳದ ನೀರು ಒಯ್ದಿದ್ದೆ. ಪಿಎಚ್ ಸ್ವಲ್ಪ ಜಾಸ್ತಿ, ಗಡಸುತನ ಜಾಸ್ತಿ, ಉಳಿದದ್ದು ಗಾಬರಿಯಾಗುವಂಥದ್ದೇನಲ್ಲ. ರೆಕಾರ್ಡ್ ಬರೆದು ಸಹಿ ಮಾಡಿಸಿಕೊಂಡು ಮರೆತಿದ್ದೆ. ಕಾಕಾನ ಹೊಲ ನೋಡಿ ಬಂದ ಮೇಲೆ ತಿಳಿಯಿತು, ನಾನು ಪರೀಕ್ಷೆ ಮಾಡಿದ್ದು ಆ ದಿನ ಹರಿದು ಹೋಗುತ್ತಿದ್ದ ನೀರನ್ನು. ಹೊಲಕ್ಕೆ ಬಂದಿದ್ದು ಹತ್ತಾರು ವರ್ಷದಿಂದ ತಳದಲ್ಲಿ ಕೂತಿದ್ದ ಮಣ್ಣು.

ಹಾಗಾಗಿ ಒಂದು ಭಾನುವಾರ ಎರಡಿಂಚಿನ ಪಿವಿಸಿ ಪೈಪು ಹಿಡಿದುಕೊಂಡು ಹಳ್ಳಕ್ಕಿಳಿದೆವು, ನಾನು ಮತ್ತು ಇಬ್ಬರು ಗೆಳೆಯರು. ಪೈಪನ್ನು ತಳಕ್ಕೆ ಒತ್ತಿ, ಮೇಲಿನ ಬಾಯಿಯನ್ನು ಅಂಗೈಯಿಂದ ಮುಚ್ಚಿ ಎಳೆದರೆ ಮಣ್ಣು ಪದರ ಪದರವಾಗಿ ಬರುತ್ತದೆ. (ಮೂರನೇ ಸಲಕ್ಕೆ ಬಂತು. ಮೊದಲೆರಡು ಸಲ ಎಲ್ಲವೂ ನನ್ನ ಪ್ಯಾಂಟಿನ ಮೇಲೆ.) ಪೈಪನ್ನು ಉದ್ದಕ್ಕೆ ಸೀಳಿ ನೋಡಿದೆವು. ಮೇಲೆ ಒಂದು ಗೇಣು ಬಿಳಿ ರಾಡಿ. ಅದರ ಕೆಳಗೆ ನಾಲ್ಕು ಬೆರಳು ಕಪ್ಪು ಕೆಸರು, ಕೊಳೆತ ಮೊಟ್ಟೆಯ ನಾತ. ಅಡಿಯಲ್ಲಿ ನಮ್ಮ ಎಂದಿನ ಎರೆಮಣ್ಣು. ಆ ಕೆಳಗಿನ ಮಣ್ಣೇ ಕಾಕಾ ಬಯಸಿದ್ದು. ಜೆಸಿಬಿ ಮೂರನ್ನೂ ಕಲಸಿ ಟ್ರಾಲಿಗೆ ತುಂಬಿತ್ತು.

ಬಿಳಿ ಪದರ ವಿಷವಲ್ಲ, ಅದು ಸುಣ್ಣದ ಕಲ್ಲಿನ ಹಿಟ್ಟು. ಆದರೆ ಅತಿ ನುಣುಪಾದ ಹಿಟ್ಟು ಮಣ್ಣಿನ ಸಂದುಗಳನ್ನು ಮುಚ್ಚುತ್ತದೆ. ಸುಣ್ಣ ಹೆಚ್ಚಾದ ನೆಲದಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರಿಗೆ ಸಿಗುವುದಿಲ್ಲ. ಎಳೆ ಎಲೆ ಹಳದಿಯಾಗುವುದು ಅದಕ್ಕೇ. ಹಳ್ಳದ ತಳದಲ್ಲೂ ಇದೇ ಕತೆ: ಮೀನು ಮೊಟ್ಟೆಯಿಡುವ ಉಸುಕಿನ ಮೇಲೆ, ಹುಳುಹುಪ್ಪಟೆ ಬದುಕುವ ಕೆಸರಿನ ಮೇಲೆ ಪ್ಲಾಸ್ಟರ್ ಮಾಡಿದ ಹಾಗೆ.

ನನ್ನನ್ನು ಹೆಚ್ಚು ಕಾಡಿದ್ದು ನಡುವಿನ ಕಪ್ಪು ಪದರ. ಊರಿನ ಗಟಾರ, ಗ್ಯಾರೇಜುಗಳ ಆಯಿಲ್, ಬ್ಯಾಟರಿ ರಿಪೇರಿ ಅಂಗಡಿಗಳ ತೊಳೆದ ನೀರು ಎಲ್ಲ ಸೇರುವುದು ಅದೇ ಹಳ್ಳಕ್ಕೆ. ಸೀಸ, ಕ್ಯಾಡ್ಮಿಯಂನಂಥ ಲೋಹಗಳು ನೀರಿನಲ್ಲಿ ಹೆಚ್ಚು ಹೊತ್ತು ಉಳಿಯುವುದಿಲ್ಲ. ನುಣ್ಣನೆಯ ಜೇಡಿಗೆ ಅಂಟಿಕೊಂಡು ತಳ ಸೇರುತ್ತವೆ. ನಮ್ಮ ಎರೆಮಣ್ಣಿನ ಜೇಡಿಗೆ ಹಾಗೆ ಹಿಡಿದಿಟ್ಟುಕೊಳ್ಳುವ ಶಕ್ತಿ ಬಹಳ. ಗಾಳಿಯಾಡದ ಕಪ್ಪು ಕೆಸರಿನಲ್ಲಿ ಅವು ಗಂಧಕದ ಜೊತೆ ಕೂಡಿ ಸುಮ್ಮನಿರುತ್ತವೆ. ಅದನ್ನೇ ಎತ್ತಿ ಬಿಸಿಲಿಗೆ ಹರವಿದರೆ ಗಾಳಿ ತಾಗಿ ಗಂಧಕ ಆಮ್ಲವಾಗುತ್ತದೆ, ಲೋಹ ಬಿಡುಗಡೆಯಾಗುತ್ತದೆ. ಸುಣ್ಣ ಆಮ್ಲವನ್ನು ಕೊಲ್ಲುತ್ತದೆ, ಆದ್ದರಿಂದ ನಮ್ಮ ಬಿಳಿ ರಾಡಿ ಈ ಒಂದು ವಿಷಯದಲ್ಲಿ ನಮ್ಮನ್ನು ಕಾಯುತ್ತಿರಲೂಬಹುದು! ಎಷ್ಟು ಕಾಯುತ್ತದೆ ಎನ್ನುವುದು ಆಯಾ ಜಾಗದ ಮಣ್ಣನ್ನು ಪರೀಕ್ಷಿಸಿಯೇ ಹೇಳಬೇಕಾದ ಮಾತು.

ಕಾಕಾನಿಗೆ ಒಂದು ವಿಷಯ ವಿವರಿಸಲು ಕಷ್ಟವಾಯಿತು. ಸುಣ್ಣ ಹೆಚ್ಚಾದರೆ ಎಲೆ ಹಳದಿಯಾಗಿ ಕೂಗಿ ಹೇಳುತ್ತದೆ. ಕ್ಯಾಡ್ಮಿಯಂ ಹಾಗಲ್ಲ. ಗಿಡ ಹಸಿರಾಗಿಯೇ ಇದ್ದು ಕಾಳಿನಲ್ಲಿ ಲೋಹ ಸೇರಬಹುದು. ಪಕ್ಕದ ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದ ಜನ ಕುಡಿದ ನೀರೂ ನೋಡಲು ತಿಳಿಯಾಗಿಯೇ ಇತ್ತು, ಅದರಲ್ಲಿ ಆರ್ಸೆನಿಕ್ ಇತ್ತು.

‘ಹಂಗಾದ್ರ ಮಣ್ಣು ಟೆಸ್ಟ್ ಮಾಡಸ್ತೀನಿ, ಕಾರ್ಡ್ ಅದ ನನ್ನತ್ರ’ ಎಂದ ಕಾಕಾ. 2015ರಲ್ಲಿ ಕೇಂದ್ರ ಸರ್ಕಾರ ತಂದ ಮಣ್ಣು ಆರೋಗ್ಯ ಕಾರ್ಡ್ ಅದು. ಒಳ್ಳೆಯ ಯೋಜನೆ, ತಪ್ಪು ಹುಡುಕುತ್ತಿಲ್ಲ. ಆದರೆ ಅದರಲ್ಲಿರುವ 12 ಅಂಶ ನೋಡಿ: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ಪಿಎಚ್, ಲವಣಾಂಶ, ಸಾವಯವ ಇಂಗಾಲ. ಬೆಳೆಗೆ ಏನು ಕಡಿಮೆ ಬಿದ್ದಿದೆ ಎಂದು ಕಾರ್ಡ್ ಹೇಳುತ್ತದೆ. ಏನು ಬಂದು ಸೇರಿದೆ ಎಂದು ಕೇಳಿದರೆ ಅದರ ಬಳಿ ಉತ್ತರವಿಲ್ಲ. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ಪಾದರಸ ಆ ಪಟ್ಟಿಯಲ್ಲೇ ಇಲ್ಲ. ಕುಡಿಯುವ ನೀರಿಗೆ ಐಎಸ್ 10500 ಎಂಬ ಮಾನದಂಡವಿದೆ, ಲೀಟರಿಗೆ 0.01 ಮಿಲಿಗ್ರಾಂಗಿಂತ ಹೆಚ್ಚು ಸೀಸ ಇರಬಾರದು ಎಂದು ಸ್ಪಷ್ಟವಾಗಿದೆ. ಕೆರೆ, ಹಳ್ಳ, ನದಿಗಳ ತಳದ ಹೂಳಿಗೆ ನಮ್ಮ ದೇಶದಲ್ಲಿ ಅಂಥ ಮಾನದಂಡವಿಲ್ಲ. ಅಮೆರಿಕ, ಕೆನಡಾಗಳ ಮಾರ್ಗಸೂಚಿಯ ಅಂಕಿಗಳನ್ನು ಸಾಲ ತಂದು ನಮ್ಮ ಸಂಶೋಧಕರು ಹೋಲಿಸುತ್ತಾರೆ.

ಹೂಳಿನ ಬಗ್ಗೆ ನಾವು ಮಾತಾಡುವುದಿಲ್ಲ ಎಂದಲ್ಲ. ತುಂಗಭದ್ರಾ ಜಲಾಶಯದ ಸಾಮರ್ಥ್ಯ ಸುಮಾರು 133 ಟಿಎಂಸಿಯಿಂದ 105.78ಕ್ಕೆ ಇಳಿದಿದ್ದು ಹೂಳಿನಿಂದ ಎಂದು ಪ್ರತಿ ವರ್ಷ ಪತ್ರಿಕೆಯಲ್ಲಿ ಓದುತ್ತೇವೆ. ಎಷ್ಟಿದೆ ಎಂಬ ಲೆಕ್ಕ ಬಾಯಿಪಾಠ. ಅದರೊಳಗೆ ಏನಿದೆ ಎಂಬ ಪ್ರಶ್ನೆ ಏಳುವುದು ಬೆಂಕಿ ಬಿದ್ದ ಮೇಲೆ. ಉತ್ಪ್ರೇಕ್ಷೆಯಲ್ಲ: ಬೆಂಗಳೂರಿನ ಬೆಳ್ಳಂದೂರು ಕೆರೆಗೆ 2017ರ ಫೆಬ್ರುವರಿಯಲ್ಲಿ, ಮತ್ತೆ 2018ರ ಜನವರಿಯಲ್ಲಿ ನಿಜವಾಗಿಯೂ ಬೆಂಕಿ ಬಿತ್ತು. ಅಲ್ಲಿನ ನೊರೆಯನ್ನು ಅಧ್ಯಯನ ಮಾಡಿದ ಐಐಎಸ್‌ಸಿ ವಿಜ್ಞಾನಿಗಳು ಹೇಳಿದ್ದು ಗಮನಿಸಬೇಕು. ಸೋಪಿನ ಪುಡಿಯ ಅಂಶ ತಳದ ಕೆಸರಿನಲ್ಲಿ ಸೇರಿಕೊಳ್ಳುತ್ತದೆ, ಜೋರು ಮಳೆ ಬಂದಾಗ ಕೆಸರು ಕದಡಿ ನೊರೆ ಏಳುತ್ತದೆ.

ಕೆಟ್ಟ ತಳವನ್ನು ಸರಿಪಡಿಸಲು ಪಠ್ಯಪುಸ್ತಕದಲ್ಲಿ ಮುಖ್ಯವಾಗಿ ಮೂರು ದಾರಿಗಳಿವೆ. ಹಾಗೇ ಬಿಟ್ಟು ಹೊಸ ಮಣ್ಣು ಮುಚ್ಚುವವರೆಗೆ ಕಾಯುವುದು, ಶುದ್ಧ ಮರಳು ಹಾಸಿ ಮುಚ್ಚುವುದು, ಇಲ್ಲವೇ ಎತ್ತಿ ಬೇರೆಡೆ ಒಯ್ಯುವುದು. ಜಪಾನಿನ ಮಿನಮಾಟದಲ್ಲಿ ಪಾದರಸದ ರೋಗ ಪತ್ತೆಯಾಗಿದ್ದು 1956ರಲ್ಲಿ. ಕೊಲ್ಲಿಯ ತಳದ ಕೆಸರು ಎತ್ತುವ ಕೆಲಸ 1977ರಲ್ಲಿ ಶುರುವಾಗಿ ಮುಗಿದದ್ದು 1990ಕ್ಕೆ, ಸುಮಾರು 15 ಲಕ್ಷ ಘನ ಮೀಟರ್. ಎತ್ತಿದ್ದನ್ನು ಅವರು ಹೊಲಕ್ಕೆ ಹಾಕಲಿಲ್ಲ, ಕೊಲ್ಲಿಯ ಒಂದು ಭಾಗಕ್ಕೆ ಗೋಡೆ ಕಟ್ಟಿ ಅದರೊಳಗೆ ಹೂತು ಮೇಲೆ ಶುದ್ಧ ಮಣ್ಣು ಮುಚ್ಚಿದರು. ಮೊದಲು ಕಾರ್ಖಾನೆಯ ನಳ ಬಂದ್ ಆಗಿತ್ತು, ಆಮೇಲೆ ತಳ ಸ್ವಚ್ಛ ಮಾಡಿದ್ದು.

ನಮ್ಮ ಹಳ್ಳಕ್ಕೆ ಈ ಪಾಠ ನೇರವಾಗಿ ಹೊಂದುವುದಿಲ್ಲ. ಆ ಪುಸ್ತಕದ ನದಿಗಳಲ್ಲಿ ವರ್ಷವಿಡೀ ನೀರಿರುತ್ತದೆ. ನಮ್ಮ ಹಳ್ಳ ವರ್ಷದ ಬಹುಕಾಲ ಒಣಗಿರುತ್ತದೆ, ತಳವೇ ಧೂಳಾಗಿ ಹಾರುತ್ತದೆ. ಮರಳು ಹಾಸಿದರೆ 2020ರ ಅಕ್ಟೋಬರಿನಂಥ ಒಂದು ಪ್ರವಾಹಕ್ಕೆ ಎಲ್ಲವೂ ಭೀಮೆಯ ಪಾಲು. ಹಾಗೇ ಬಿಟ್ಟರೂ ಯಾವುದಾದರೂ ಬೇಸಿಗೆಯಲ್ಲಿ ಜೆಸಿಬಿ ಬಂದೇ ಬರುತ್ತದೆ. ಆದ್ದರಿಂದ ನಮಗಿರುವುದು ಎತ್ತುವ ದಾರಿಯೇ. ಎತ್ತುವ ಮೊದಲು ಪದರ ಪದರವಾಗಿ ನೋಡಬೇಕು ಎನ್ನುವುದು ನನ್ನ ವಾದ. ನಾನು ನೋಡಿದ ಹೂಳೆತ್ತುವ ಎಸ್ಟಿಮೇಟಿನಲ್ಲಿ ಘನ ಮೀಟರ್ ಇತ್ತು, ಸಾಗಿಸುವ ದೂರ ಇತ್ತು, ಯಂತ್ರದ ದರ ಇತ್ತು. ಪರೀಕ್ಷೆಗೆ ಒಂದು ಸಾಲೂ ಇರಲಿಲ್ಲ. ಆ ಒಂದು ಸಾಲು ಸೇರಿಸಲು ಹೊಸ ಕಾನೂನು ಬೇಕೇ? ನಮ್ಮ ಜಿಲ್ಲೆಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ವರ್ಷವೂ ನೂರಾರು ಮಿನಿ ಪ್ರಾಜೆಕ್ಟ್‌ಗಳು ರೆಕಾರ್ಡಿಗಾಗಿ ಮಾತ್ರ ನಡೆಯುತ್ತವೆ. ಮಾದರಿ ತೆಗೆಯುವ ಕೆಲಸ ನಮಗೆ ಕೊಡಲಿ, ಲೋಹದ ಪರೀಕ್ಷೆಯ ಖರ್ಚು ಪಂಚಾಯಿತಿಯೋ ಮಾಲಿನ್ಯ ನಿಯಂತ್ರಣ ಮಂಡಳಿಯೋ ಕೊಡಲಿ.

ಇನ್ನು ನಳ ಬಂದ್ ಮಾಡುವ ವಿಷಯ. ಪಾಲಿಶ್ ಯೂನಿಟ್ ಮುಚ್ಚಿಸಿ ಎಂದು ಬರೆಯುವುದು ಸುಲಭ. ನನ್ನ ಕಾಲೇಜು ಫೀಸು ಬಂದಿದ್ದು ಆ ಮಷೀನಿನಿಂದ, ಹಾಗಾಗಿ ಬರೆಯಲಾರೆ. ಟಾಕಿ ಕಟ್ಟಿ ರಾಡಿ ಕೆಳಗೆ ಕೂರಿಸಿ ತಿಳಿ ನೀರನ್ನು ಮತ್ತೆ ಬಳಸಬಹುದಲ್ಲ ಎಂದು ಅಪ್ಪನನ್ನು ಕೇಳಿದೆ. ‘ಟಾಕಿ ಅದ. ತುಂಬಿ ನಾಕು ವರ್ಷ ಆಯ್ತು. ತಗದು ಎಲ್ಲಿ ಚೆಲ್ಲಬೇಕು ಹೇಳು’ ಎಂದ. ನನ್ನ ಹತ್ತಿರ ಉತ್ತರವಿರಲಿಲ್ಲ. ಅದೇ ಸಂಜೆ ವಾಡಿ ಕಡೆಯಿಂದ ಬರುವಾಗ ಸಿಮೆಂಟ್ ಫ್ಯಾಕ್ಟರಿಯ ಚಿಮಣಿ ಕಂಡು ನಗು ಬಂತು. ಅಲ್ಲಿ ಸುಣ್ಣದ ಕಲ್ಲಿಗಾಗಿ ನೆಲವನ್ನು ಸಿಡಿಸುತ್ತಾರೆ, ಪುಡಿ ಮಾಡಲು ಕರೆಂಟು ಸುಡುತ್ತಾರೆ. ಇಲ್ಲಿ ಪುಡಿಯಾಗಿಯೇ ಸಿಗುವ ಅದೇ ಕಲ್ಲನ್ನು ಹಳ್ಳಕ್ಕೆ ಬಿಡುತ್ತೇವೆ. ಒಣಗಿಸಬೇಕು, ಸಾಗಿಸಬೇಕು, ಪಾಲಿಶ್ ಬಟ್ಟಿನ ಚೂರು ಎಷ್ಟು ಸೇರಿದೆ ನೋಡಬೇಕು, ಒಪ್ಪುತ್ತೇನೆ. ಚಿಕ್ಕ ಯೂನಿಟ್ ಒಂದೊಂದಾಗಿ ಮಾಡುವ ಕೆಲಸವಲ್ಲ ಇದು. ಎಲ್ಲ ಯೂನಿಟ್‌ಗಳಿಗೂ ಸೇರಿ ಒಂದು ಒಣಗಿಸುವ ಅಂಗಳ, ಟಾಕಿ ಖಾಲಿ ಮಾಡುವ ಒಂದು ಟ್ಯಾಂಕರ್, ಒಣ ಪುಡಿ ಕೊಳ್ಳುವ ಒಂದು ಸಿಮೆಂಟ್ ಅಥವಾ ಇಟ್ಟಿಗೆ ಘಟಕ ಬೇಕು. ಶಹಾಬಾದ ಈಗ ತಾಲ್ಲೂಕು ಕೇಂದ್ರ, ಒಂದು ಅಂಗಳ ಹುಡುಕುವುದು ಅಸಾಧ್ಯವೇನಲ್ಲ.

ಈ ಬೇಸಿಗೆಯಲ್ಲಿ ಚೆಕ್ ಡ್ಯಾಮನ್ನು ಮತ್ತೆ ತೋಡುತ್ತಾರಂತೆ. ‘ನಿಮ್ಮ ಅಜ್ಜ ಕೆರಿಮಣ್ಣು ಹಾಕೇ ತೊಗರಿ ಬೆಳದಾನ, ಯಾವ ಟೆಸ್ಟ್ ಮಾಡಸಿದ್ದ?’ ಎಂದು ಕಾಕಾ ಇನ್ನೂ ಕೆಣಕುತ್ತಾನೆ. ಅಜ್ಜನ ಕಾಲದ ಹಳ್ಳದಲ್ಲಿ ಬ್ಯಾಟರಿ ನೀರು ಇರಲಿಲ್ಲ ಎಂದರೆ ಸುಮ್ಮನಾಗುತ್ತಾನೆ. ಆದರೆ ಹೋದ ವಾರ ನನ್ನ ಜೊತೆ ತಾನೇ ಹಳ್ಳಕ್ಕಿಳಿದು ಮೂರು ಕಡೆ ಪೈಪು ಒತ್ತಿದ. ಬಿಳಿ, ಕಪ್ಪು, ಎರೆ ಎಂದು ಬೇರೆ ಬೇರೆ ಬರೆದ ಒಂಬತ್ತು ಪ್ಲಾಸ್ಟಿಕ್ ಚೀಲ ನಮ್ಮ ಪಡಸಾಲೆಯಲ್ಲಿವೆ. ಲೋಹದ ಪರೀಕ್ಷೆಯ ಶುಲ್ಕಕ್ಕೆ ನಾವು ಗೆಳೆಯರು ದುಡ್ಡು ಕೂಡಿಸುತ್ತಿದ್ದೇವೆ. ಅರ್ಧ ತಾನು ಕೊಡುತ್ತೇನೆ ಎಂದಿದ್ದಾನೆ ಕಾಕಾ, ಮನೆಯಲ್ಲಿ ಉಳಿದ ತೊಗರಿ ಮಾರಿದ ಮೇಲೆ.