ಚೆಕ್ ಕೊಟ್ಟರೆ ಮುಗಿಯಿತೇ? ನಮ್ಮ ಸಂಘಗಳಿಗೊಂದು ಓದಿನ ಕೆಲಸ

ಉಪನಗರದ ಸಂಘವೊಂದರಲ್ಲಿ ಹಲವು ವರ್ಷ ಕೋಶಾಧಿಕಾರಿಯಾಗಿ ದುಡಿದವನು ನಾನು. ವೃತ್ತಿಯಲ್ಲಿ ಬ್ಯಾಂಕ್ ಗುಮಾಸ್ತ. ಆದ್ದರಿಂದ ಸಂಘದ ಲೆಕ್ಕಪತ್ರದಲ್ಲಿ ಒಂದು ರೂಪಾಯಿ ಹೆಚ್ಚುಕಮ್ಮಿಯಾಗಲು ಬಿಟ್ಟವನಲ್ಲ. ಆದರೆ ಒಮ್ಮೆ ಲೆಕ್ಕ ಸರಿಯಾಗಿದ್ದೂ ಕೆಲಸ ತಪ್ಪಿತು. ಅದನ್ನು ಹೇಳಿಕೊಳ್ಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ನಮ್ಮೂರ ಕಡೆಯ ಹೊಟೇಲ್ ಕಾರ್ಮಿಕರೊಬ್ಬರಿಗೆ ದೊಡ್ಡ ಶಸ್ತ್ರಚಿಕಿತ್ಸೆಯಾಯಿತು. ಟ್ರಸ್ಟ್ ನಡೆಸುವ ಹೆಸರಾಂತ ಆಸ್ಪತ್ರೆ. ಬಿಲ್ಲು ಲಕ್ಷಗಳಲ್ಲಿ. ಅವರ ಪತ್ನಿ ಅರ್ಜಿ ಹಿಡಿದು ನಮ್ಮ ಕಾರ್ಯಕಾರಿ ಸಮಿತಿಯ ಸಭೆಗೆ ಬಂದರು. ಸಮಿತಿ 15,000 ರೂಪಾಯಿ ಮಂಜೂರು ಮಾಡಿತು. ವಾರ್ಷಿಕೋತ್ಸವದ ವೇದಿಕೆಗೆ ಆಕೆಯನ್ನು ಕರೆದು, ಅಧ್ಯಕ್ಷರ ಹಸ್ತದಿಂದ ಚೆಕ್ ಕೊಡಿಸಿದೆವು. ಸಭೆಯಲ್ಲಿದ್ದ ದಾನಿಗಳು ಮತ್ತೆ 10,000 ಸೇರಿಸಿದರು. ಚಪ್ಪಾಳೆ, ಫೋಟೋ ಎಲ್ಲ ಆಯಿತು. ಉಳಿದ ಹಣಕ್ಕೆ ಆ ಕುಟುಂಬ ಕರಿಮಣಿಯೊಂದನ್ನು ಬಿಟ್ಟು ಇದ್ದ ಚಿನ್ನವನ್ನೆಲ್ಲ ಅಡವಿಟ್ಟು, ಊರಿನಲ್ಲಿದ್ದ ಐದು ಸೆಂಟ್ಸ್ ಜಾಗವನ್ನೂ ಮಾರಿತು. ನಾವು ನಮ್ಮ ಕರ್ತವ್ಯ ಮಾಡಿದೆವೆಂಬ ತೃಪ್ತಿಯಲ್ಲಿ ಊಟ ಮುಗಿಸಿ ಮನೆಗೆ ಹೋದೆವು.

ಇದಾಗಿ ಸುಮಾರು ಎರಡು ವರ್ಷದ ಬಳಿಕ, ಐವತ್ತು ದಾಟಿದ ಮೇಲೆ, ನಾನು ದೂರಶಿಕ್ಷಣದ ಮೂಲಕ ಸಮಾಜಕಾರ್ಯದ ಸ್ನಾತಕೋತ್ತರ ಪದವಿಗೆ ಸೇರಿದೆ. ಓದಿನ ಭಾಗವಾಗಿ ಕ್ಷೇತ್ರಕಾರ್ಯ ಕಡ್ಡಾಯ. ಬೇರೊಂದು ಆಸ್ಪತ್ರೆಯ ಸಮಾಜಸೇವಾ ವಿಭಾಗದಲ್ಲಿ ಒಂದು ಮೂಲೆಯ ಕುರ್ಚಿಯಲ್ಲಿ ಕುಳಿತು ರೋಗಿಗಳ ಕಾಗದಪತ್ರ ನೋಡುತ್ತಿದ್ದಾಗ ಮೊದಲ ಬಾರಿ ಕೇಳಿದ ಮಾತು, '41 ಎಎ'.

ಇದು ನಮ್ಮ ರಾಜ್ಯದ ಸಾರ್ವಜನಿಕ ಟ್ರಸ್ಟ್ ಕಾಯ್ದೆಯ ಒಂದು ಕಲಂ. ಮುಂಬಯಿ ಹೈಕೋರ್ಟ್ 2006ರಲ್ಲಿ ಮಂಜೂರು ಮಾಡಿದ ಯೋಜನೆಯ ಪ್ರಕಾರ, ಈ ಕಲಮಿನಡಿ ಬರುವ ಧರ್ಮಾರ್ಥ ಆಸ್ಪತ್ರೆಗಳು ಶೇ. 10ರಷ್ಟು ಹಾಸಿಗೆಗಳನ್ನು ಕಡುಬಡವರಿಗೆ ಉಚಿತವಾಗಿ, ಇನ್ನೂ ಶೇ. 10ರಷ್ಟನ್ನು ದುರ್ಬಲ ವರ್ಗದವರಿಗೆ ರಿಯಾಯಿತಿ ದರದಲ್ಲಿ ಮೀಸಲಿಡಬೇಕು. ರೋಗಿಗಳ ಒಟ್ಟು ಬಿಲ್ಲಿನ ಶೇ. 2ರಷ್ಟನ್ನು ಬಡರೋಗಿಗಳ ನಿಧಿಗೆ ಜಮೆ ಮಾಡಬೇಕು. ತಹಶೀಲ್ದಾರರ ಆದಾಯ ಪ್ರಮಾಣಪತ್ರ, ರೇಷನ್ ಕಾರ್ಡ್ ಮುಂತಾದ ದಾಖಲೆ ಬೇಕು. ಕೇಳಬೇಕಾದ ವ್ಯಕ್ತಿ ಕ್ಯಾಶ್ ಕೌಂಟರಿನವನಲ್ಲ, ಆಸ್ಪತ್ರೆಯ ವೈದ್ಯಕೀಯ ಸಮಾಜ ಕಾರ್ಯಕರ್ತರು. ಸಿಗದಿದ್ದರೆ ವರ್ಲಿಯ ಚ್ಯಾರಿಟಿ ಕಮಿಷನರ್ ಕಚೇರಿಗೆ ದೂರು ಕೊಡಬಹುದು.

ನನಗೆ ಹೆಚ್ಚು ನಾಚಿಕೆಯಾದದ್ದು ಇದಕ್ಕೆ: ನಮ್ಮ ಸಂಘವೂ ಅದೇ ಕಾಯ್ದೆಯಡಿ ನೋಂದಾಯಿತ. ಪ್ರತಿವರ್ಷ ಅದೇ ಚ್ಯಾರಿಟಿ ಕಮಿಷನರ್ ಕಚೇರಿಗೆ ಆಡಿಟ್ ವರದಿ ಸಲ್ಲಿಸುತ್ತ ಬಂದವನು ನಾನೇ. ಅದೇ ಕಾಯ್ದೆಯ ಇನ್ನೊಂದು ಪುಟದಲ್ಲಿ ಆ ತಾಯಿಯ ಜಾಗ ಉಳಿಸಬಹುದಾಗಿದ್ದ ದಾರಿ ಇತ್ತು. ಅವರಿಗೆ ಖಂಡಿತ ಹಾಸಿಗೆ ಸಿಗುತ್ತಿತ್ತೆಂದು ನಾನು ಹೇಳಲಾರೆ. ಆದರೆ ಕೇಳಲೇ ಇಲ್ಲವಲ್ಲ? ಸಂಘದಲ್ಲಿ ಅಂದು ಇಪ್ಪತ್ತೊಂದು ಮಂದಿ ಪದಾಧಿಕಾರಿಗಳು ಮತ್ತು ಸದಸ್ಯರಿದ್ದೆವು. ಕೇಳಬೇಕೆಂದು ಗೊತ್ತಿದ್ದವರು ಒಬ್ಬರೂ ಇರಲಿಲ್ಲ.

ಆದ್ದರಿಂದ ನನ್ನ ನಮ್ರ ಅಭಿಪ್ರಾಯವಿಷ್ಟೇ. ಮುಂಬಯಿಯ ಪ್ರತಿಯೊಂದು ಕನ್ನಡ ಸಂಘದಲ್ಲಿ, ಜಾತೀಯ ಸಂಘಟನೆಯಲ್ಲಿ, ಸಮಾಜಕಾರ್ಯವನ್ನು ವಿಷಯವಾಗಿ ಓದಿದ ಒಬ್ಬಿಬ್ಬರಾದರೂ ಇರಬೇಕು. ಇಲ್ಲದಿದ್ದರೆ ಸಂಘವೇ ಖರ್ಚು ಕೊಟ್ಟು ಓದಿಸಬೇಕು.

ಓದು ಎಂದಾಗ ನಮ್ಮವರಿಗೆ ಹೊಸತೇನಲ್ಲ. ಊರು ಬಿಟ್ಟು ಬಂದು, ಹಗಲು ಕ್ಯಾಂಟೀನಿನಲ್ಲಿ ದುಡಿದು, ರಾತ್ರಿ ಶಾಲೆಯ ಬೆಂಚಿನಲ್ಲಿ ಕುಳಿತು ಮೇಲೆ ಬಂದ ಜನ ನಾವು. ನಾನೂ ಮಾವನ ಕ್ಯಾಂಟೀನಿನಲ್ಲಿ ಲೋಟ ತೊಳೆದು, ಕನ್ನಡ ರಾತ್ರಿ ಶಾಲೆಯಲ್ಲಿ ಹತ್ತನೆಯ ತರಗತಿ ಪಾಸಾಗಿ, ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮಾಡಿದವನು. ರಾತ್ರಿ ಶಾಲೆ ಕಟ್ಟಿದ ಹಿರಿಯರಿಗೆ ಸಮಾಜಸೇವೆಯ ಪದವಿ ಇರಲಿಲ್ಲ, ನಿಜ. ಆದರೆ ಅವರು ಮಾಡಿದ್ದು ಇದನ್ನೇ. ದುಡಿಯುವ ಹುಡುಗನ ಕೈಗೆ ಎರಡು ಕಾಸು ಹಾಕಿ ಕಳುಹಿಸಲಿಲ್ಲ. ಅವನು ತನ್ನ ಕಾಲ ಮೇಲೆ ನಿಲ್ಲುವಂತೆ ಮಾಡಿದರು.

ಇನ್ನು ನಾವು ವಾಸಿಸುವ ನಗರ ಎಂಥದು? ಭಾರತದಲ್ಲಿ ಸಮಾಜಕಾರ್ಯವನ್ನು ಒಂದು ವೃತ್ತಿಯೆಂದು ಕಲಿಸುವ ಮೊದಲ ವಿದ್ಯಾಲಯ ತೆರೆದದ್ದು ಇಲ್ಲೇ, 1936ರಲ್ಲಿ, ನಾಗಪಾಡದಲ್ಲಿ, ಸರ್ ದೋರಾಬ್ಜಿ ಟಾಟಾ ಹೆಸರಿನಲ್ಲಿ. ಅದೇ ಇಂದು ದೇವನಾರಿನಲ್ಲಿರುವ ಟಾಟಾ ಸಮಾಜ ವಿಜ್ಞಾನ ಸಂಸ್ಥೆ. ನ್ಯೂ ಮರೀನ್ ಲೈನ್ಸಿನ ನಿರ್ಮಲಾ ನಿಕೇತನ 1955ರಿಂದ ಈ ವಿದ್ಯೆ ಕಲಿಸುತ್ತಿದೆ. ಪೊಲೀಸ್ ವ್ಯವಸ್ಥೆಯೊಳಗೇ ನೊಂದ ಮಹಿಳೆಯರಿಗೆ ಸಮಾಜ ಕಾರ್ಯಕರ್ತರು ನೆರವಾಗುವ ವಿಶೇಷ ಘಟಕ 1984ರಲ್ಲಿ ಆರಂಭವಾದದ್ದು ಮುಂಬಯಿ ಪೊಲೀಸ್ ಆಯುಕ್ತರ ಕಚೇರಿಯಲ್ಲಿ. ಸಂಕಟದಲ್ಲಿರುವ ಮಕ್ಕಳಿಗೆ 1098 ಸಂಖ್ಯೆಯ ಸಹಾಯವಾಣಿ ಹುಟ್ಟಿದ್ದೂ 1996ರಲ್ಲಿ ಇಲ್ಲೇ. ನಮ್ಮ ಕಡೆಯವರು ದೂರವೇನೂ ಉಳಿದಿಲ್ಲ. ಮಂಗಳೂರಿನ ರೋಶನಿ ನಿಲಯ 1960ರಿಂದಲೂ ಸಮಾಜಕಾರ್ಯ ಕಲಿಸುತ್ತ ಬಂದಿದೆ. ಆದರೂ ನಮ್ಮ ಸಂಘಗಳ ಆಮಂತ್ರಣ ಪತ್ರಿಕೆಯಲ್ಲಿ 'ಸಮಾಜಸೇವಕ' ಎಂಬ ಬಿರುದು ಬೇಕಾದಷ್ಟು ಕಾಣುತ್ತದೆ, ಸಮಾಜಕಾರ್ಯ ಓದಿದವರು ಕಾಣುವುದಿಲ್ಲ.

ದುಡಿಯುವವರಿಗೆ ಹಗಲು ಕಾಲೇಜು ಸಾಧ್ಯವಿಲ್ಲ. ಅವರಿಗಾಗಿಯೇ 1985ರಲ್ಲಿ ಸ್ಥಾಪನೆಯಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೋ ಇದೆ. ಯಾವುದೇ ವಿಷಯದಲ್ಲಿ ಪದವಿ ಪಡೆದವರು ಅಲ್ಲಿ ಎಂ.ಎಸ್.ಡಬ್ಲ್ಯು. ಸೇರಬಹುದು. ನನ್ನ ಬಿ.ಕಾಂ. ಸಾಕಾಯಿತು. ಕನಿಷ್ಠ ಎರಡು ವರ್ಷ, ಗರಿಷ್ಠ ನಾಲ್ಕು ವರ್ಷ. ಜೂನ್ ಮತ್ತು ಡಿಸೆಂಬರಿನಲ್ಲಿ ಪರೀಕ್ಷೆ. ನನಗೆ ಮೂರೂವರೆ ವರ್ಷ ಹಿಡಿಯಿತು ಎಂದು ಹೇಳಲು ಸಂಕೋಚವಿಲ್ಲ.

ಕಷ್ಟಗಳನ್ನೂ ಹೇಳಿಬಿಡುತ್ತೇನೆ. ಪುಸ್ತಕಗಳು ಇಂಗ್ಲಿಷ್ ಅಥವಾ ಹಿಂದಿಯಲ್ಲಿ, ಕನ್ನಡದಲ್ಲಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಮೊದಲ ಆರು ತಿಂಗಳು ನಿಘಂಟೇ ಗುರು. ಒಂದು ಅಸೈನ್‌ಮೆಂಟ್ ಬರೆಯಲು ನಾಲ್ಕು ಭಾನುವಾರ ಬೇಕಾಯಿತು. ಡೊಂಬಿವಲಿ ಲೋಕಲ್‌ನಲ್ಲಿ ನಿಂತೇ ಓದಿದ್ದೇನೆ. 2015ರ ಸೆಪ್ಟೆಂಬರಿನಿಂದ ಬ್ಯಾಂಕುಗಳಿಗೆ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ ಇರುವುದರಿಂದ ಕ್ಷೇತ್ರಕಾರ್ಯಕ್ಕೆ ಅದು ಒದಗಿತು. ಸಾಲದ್ದಕ್ಕೆ ಸ್ವಂತ ರಜೆ ಹಾಕಿದೆ. ಪರೀಕ್ಷಾ ಕೊಠಡಿಯಲ್ಲಿ ಮೇಲ್ವಿಚಾರಕಿ ನನ್ನನ್ನು ಯಾರದೋ ತಂದೆಯೆಂದು ತಿಳಿದು ಹೊರಗೆ ಕೂರಲು ಹೇಳಿದರು!

'ದೂರಶಿಕ್ಷಣದಲ್ಲಿ ಸಮಾಜಕಾರ್ಯ ಕಲಿಯಲು ಸಾಧ್ಯವೇ? ಈಜನ್ನು ಅಂಚೆಯ ಮೂಲಕ ಕಲಿತ ಹಾಗಲ್ಲವೇ?' ಎಂದು ಮಿತ್ರರೊಬ್ಬರು ಕೇಳಿದರು. ಪ್ರಶ್ನೆ ಸರಿಯಾದದ್ದೇ. ದಿನವಿಡೀ ಕಾಲೇಜಿನಲ್ಲಿ ಕಲಿತವರ ಪಳಗು ನಮಗೆ ಬರುವುದಿಲ್ಲ. ಈ ವಿದ್ಯೆಯ ಜೀವವಿರುವುದೇ ಕ್ಷೇತ್ರಕಾರ್ಯದಲ್ಲಿ. ಅದನ್ನು ಕಾಟಾಚಾರಕ್ಕೆ ಮಾಡಿ, ಪರಿಚಯದವರಿಂದ ಸಹಿ ಹಾಕಿಸಿಕೊಂಡು ಮುಗಿಸಿದರೆ ಕೈಯಲ್ಲಿ ಉಳಿಯುವುದು ಕಾಗದ ಮಾತ್ರ. ಆದರೆ ಮೂವತ್ತು ವರ್ಷ ಸಂಘದಲ್ಲಿ ದುಡಿದ ನಮ್ಮಂಥವರಿಗೆ ಒಂದು ಅನುಕೂಲವಿದೆ. ನಾವು ಆಗಲೇ ನೀರಿನಲ್ಲಿದ್ದೇವೆ. ಕೈಕಾಲು ಬಡಿಯುತ್ತಿದ್ದೇವೆ. ಪುಸ್ತಕ ನಮಗೆ ಹೇಳಿಕೊಡುವುದು ಹೇಗೆ ಬಡಿಯಬೇಕೆಂಬುದನ್ನು.

ನನಗೆ ಆ ಪುಸ್ತಕ ಕಲಿಸಿದ ದೊಡ್ಡ ಪಾಠ ಎರಡು. ಒಂದು, ನೆರವು ಕೇಳಿ ಬಂದವರ ಗುಟ್ಟನ್ನು ಕಾಪಾಡಬೇಕು. ಎರಡು, ಅವರ ಬದುಕಿನ ತೀರ್ಮಾನವನ್ನು ಅವರೇ ತೆಗೆದುಕೊಳ್ಳಬೇಕು. ನಾವು ದಾರಿ ತೋರಿಸಬಹುದು, ಅಷ್ಟೇ. ಇದನ್ನು ಓದಿದ ರಾತ್ರಿ ಆ ತಾಯಿ ವೇದಿಕೆಯಲ್ಲಿ ತಲೆ ತಗ್ಗಿಸಿ ಚೆಕ್ ಹಿಡಿದು ನಿಂತ ಫೋಟೋ ನೆನಪಾಯಿತು. ಅದು ನಮ್ಮ ಸ್ಮರಣ ಸಂಚಿಕೆಯಲ್ಲಿ ಇಂದಿಗೂ ಇದೆ. ಆಕೆಯ ಮಗಳಿಗೆ ನೆಂಟಸ್ತಿಕೆ ಕೇಳಲು ಬಂದವರು ಆ ಸಂಚಿಕೆ ನೋಡಿರಬಹುದೇ ಎಂಬ ಯೋಚನೆ ಫೋಟೋ ತೆಗೆಸುವಾಗ ನಮಗೆ ಬರಲಿಲ್ಲ. ದಾನಿಗಳ ಫೋಟೋ ಹಾಕೋಣ, ಬೇಡವೆನ್ನುವುದಿಲ್ಲ. ಪಡೆದವರ ಫೋಟೋ ನಿಲ್ಲಿಸೋಣ. ಇದಕ್ಕೆ ಯಾವ ಪದವಿಯೂ ಬೇಡ, ಒಂದು ಠರಾವು ಸಾಕು.

ಕಾಲವೂ ಬದಲಾಗಿದೆ. 2006ರ ಅಕ್ಟೋಬರ್ 10ರಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಹೊಟೇಲು, ಮನೆಗೆಲಸಗಳಲ್ಲಿ ಇಡುವುದು ನಿಷಿದ್ಧ. ಒಳ್ಳೆಯದೇ ಆಯಿತು. ನಮ್ಮ ಸಂಘಗಳಿಗೆ ಇಂದು ಬರುವ ಸಮಸ್ಯೆ ಬೇರೆ. ಮಕ್ಕಳು ವಿದೇಶದಲ್ಲಿ, ವಿರಾರಿನ ಫ್ಲ್ಯಾಟಿನಲ್ಲಿ ಒಂಟಿಯಾದ ವೃದ್ಧರು. ಮದುವೆ ಮುರಿಯುವ ಹಂತಕ್ಕೆ ಬಂದ ಜೋಡಿಗಳು. ಕುಡಿತಕ್ಕೆ ಬಿದ್ದ ಕ್ಯಾಟರಿಂಗ್ ಹುಡುಗರು. ಟಾಟಾ ಮೆಮೋರಿಯಲ್ ಆಸ್ಪತ್ರೆಗೆಂದು ಊರಿನಿಂದ ಬಂದು, ಮರಾಠಿ ಹಿಂದಿ ತಿಳಿಯದೆ ಪರೇಲಿನ ಫುಟ್‌ಪಾತ್‌ನಲ್ಲಿ ಕಂಗಾಲಾಗಿ ನಿಂತ ಕುಟುಂಬಗಳು. ಇವರಲ್ಲಿ ಯಾರಿಗೂ ಶಾಲು, ಹಾರ, ಹಣ್ಣುಕಾಯಿ ಬೇಕಾಗಿಲ್ಲ. ಕನ್ನಡದಲ್ಲಿ ಅಥವಾ ತುಳುವಿನಲ್ಲಿ ಕುಳಿತು ಕೇಳುವ, ಯಾವ ಕಚೇರಿಯ ಯಾವ ಬಾಗಿಲು ತಟ್ಟಬೇಕೆಂದು ಬಲ್ಲ ಒಬ್ಬ ಮನುಷ್ಯ ಬೇಕು.

ಸೇರಬಯಸುವವರಿಗೆ ಎರಡು ಎಚ್ಚರಿಕೆ. ರಾಜ್ಯಗಳ ಮುಕ್ತ ವಿಶ್ವವಿದ್ಯಾಲಯಗಳ ವ್ಯಾಪ್ತಿ ಆಯಾ ರಾಜ್ಯಕ್ಕೆ ಸೀಮಿತ. ಮುಂಬಯಿಯಲ್ಲಿ ಕುಳಿತು ಬೇರೆ ರಾಜ್ಯದ ಪದವಿ ಕೊಡಿಸುತ್ತೇವೆ ಎನ್ನುವ ಏಜೆಂಟರನ್ನು ನಂಬಬೇಡಿ. ಹಣ ಕಟ್ಟುವ ಮೊದಲು ಯುಜಿಸಿಯ ದೂರಶಿಕ್ಷಣ ವಿಭಾಗದ ಮಾನ್ಯತೆಯ ಪಟ್ಟಿ ನೋಡಿ. ನಿಯಮಗಳು ಬದಲಾಗುತ್ತಿರುತ್ತವೆ; 2025ರಲ್ಲಿ ಮನಶ್ಶಾಸ್ತ್ರವನ್ನು ದೂರಶಿಕ್ಷಣದಲ್ಲಿ ಕಲಿಸುವುದನ್ನೇ ಯುಜಿಸಿ ನಿಲ್ಲಿಸಿತು. ಇನ್ನೊಂದು, ಈ ಪದವಿ ಬಂದೊಡನೆ ನಾವು ಮನೋರೋಗ ತಜ್ಞರಾಗುವುದಿಲ್ಲ. ಎಲ್ಲಿ ನಿಲ್ಲಿಸಿ ಯಾರ ಬಳಿಗೆ ಕಳುಹಿಸಬೇಕೆಂದು ತಿಳಿಯುವುದೂ ಓದಿನ ಒಂದು ಭಾಗ.

ಕೊನೆಗೆ ಸಂಘಗಳ ಮುಂದೆ ನನ್ನ ವಿನಂತಿ. ವಿದ್ಯಾರ್ಥಿವೇತನವನ್ನು ಮಕ್ಕಳಿಗೆ ಮಾತ್ರ ಕೊಡುವ ಪದ್ಧತಿ ಸ್ವಲ್ಪ ಸಡಿಲಿಸಿ. ಮಹಿಳಾ ವಿಭಾಗದಲ್ಲಿ ಪದವಿ ಪಡೆದು, ಮಕ್ಕಳನ್ನು ದೊಡ್ಡವರಾಗಿಸಿ, ಮುಂದೇನು ಎಂದು ಯೋಚಿಸುತ್ತಿರುವ ಸೋದರಿಯರಿದ್ದಾರೆ. ನಿವೃತ್ತಿಯ ಹೊಸ್ತಿಲಲ್ಲಿರುವ ನನ್ನಂಥ ಗುಮಾಸ್ತರಿದ್ದಾರೆ. ವರ್ಷಕ್ಕೊಬ್ಬರ ಶುಲ್ಕ ಸಂಘ ಭರಿಸಲಿ. ಒಂದು ವಾರ್ಷಿಕೋತ್ಸವದ ಹೂವಿನ ಅಲಂಕಾರಕ್ಕೆ ಎಷ್ಟು ಖರ್ಚಾಗುತ್ತದೆಂದು ಕೋಶಾಧಿಕಾರಿಯಾಗಿದ್ದ ನನಗೆ ಗೊತ್ತು! ಪ್ರತಿಯಾಗಿ ಅವರು ಎರಡು ವರ್ಷ, ಭಾನುವಾರ ಎರಡು ಗಂಟೆ, ಸಂಘದ ಕಚೇರಿಯಲ್ಲಿ ಒಂದು ಮೇಜು ಹಾಕಿ ಕುಳಿತುಕೊಳ್ಳಲಿ.

ನಮ್ಮ ಸಂಘದಲ್ಲಿ ಆ ಮೇಜು ಹಾಕಿದ್ದೇವೆ. ಮೊದಲ ತಿಂಗಳು ಯಾರೂ ಬರಲಿಲ್ಲ. ಐದನೆಯ ಭಾನುವಾರ ಒಬ್ಬರು ಬಂದರು, ಆಸ್ಪತ್ರೆಯ ಬಿಲ್ಲು ಹಿಡಿದು. ಆ ದಿನ ನಾನು ಮೊದಲು ಚೆಕ್ ಪುಸ್ತಕ ತೆರೆಯಲಿಲ್ಲ. 'ರೇಷನ್ ಕಾರ್ಡ್ ಎಲ್ಲಿದೆ?' ಎಂದು ಕೇಳಿದೆ.