ಮುಸಾಫಿರನ ನೀರಿಗೆ ಪೊಲೀಸ್ ಕಾವಲೇಕೆ?

ರಮಝಾನ್ ಬಂತೆಂದರೆ ಹಲವು ಮುಸ್ಲಿಮ್ ರಾಷ್ಟ್ರಗಳಲ್ಲಿ ಹಗಲು ಹೊತ್ತು ಹೊಟೇಲುಗಳು ಮುಚ್ಚುತ್ತವೆ. ಊರಿಗೆ ಊರೇ ಉಪವಾಸವಿದ್ದಾಗ ಇದು ಸಹಜ. ಗಿರಾಕಿಯೇ ಇಲ್ಲದಾಗ ಒಲೆ ಹಚ್ಚುವವರಾರು? ಅದರ ಬಗ್ಗೆ ನಮ್ಮ ತಕರಾರಿಲ್ಲ. ದಾರಿಯಲ್ಲಿ ಬಾಯಾರಿ ನಿಂತ ಪ್ರಯಾಣಿಕ ಒಂದು ಗುಟುಕು ನೀರು ಕುಡಿದರೆ ಅದನ್ನು ಅಪರಾಧವೆಂದು ಕಾಣುವ ಮನೋಭಾವದ ಬಗ್ಗೆ ನಮ್ಮ ತಕರಾರಿದೆ.

ಪವಿತ್ರ ಕುರ್‌ಆನ್ ಉಪವಾಸವನ್ನು ಕಡ್ಡಾಯಗೊಳಿಸಿದ ಅಲ್ ಬಕರಃ ಅಧ್ಯಾಯದಲ್ಲೇ (2:184-185) ರೋಗಿಗೂ ಪ್ರಯಾಣಿಕನಿಗೂ ರಿಯಾಯಿತಿ ನೀಡಿದೆ. ಬಿಟ್ಟುಹೋದ ಉಪವಾಸಗಳನ್ನು ಅವರು ಬೇರೆ ದಿನಗಳಲ್ಲಿ ಪೂರ್ತಿಗೊಳಿಸಿದರಾಯಿತು. ಹಿಜರಿ 8ನೇ ವರ್ಷದ ರಮಝಾನಿನಲ್ಲಿ ಮಕ್ಕಾದ ಕಡೆಗೆ ಹೊರಟಿದ್ದ ಪ್ರವಾದಿ ಮುಹಮ್ಮದ್(ಸ)ರು ದಾರಿಮಧ್ಯೆ ನೀರು ತರಿಸಿ, ಜನರೆಲ್ಲ ಕಾಣುವಂತೆ ಕುಡಿದು ಉಪವಾಸ ಬಿಟ್ಟರೆಂದು ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಗ್ರಂಥಗಳಲ್ಲಿದೆ. ಅವರು ಮರೆಯಲ್ಲಿ ನಿಂತು ಕುಡಿಯಲಿಲ್ಲ. ಜೊತೆಗಿದ್ದವರ ಸಂಕೋಚ ಹರಿಯಲೆಂದೇ ಎಲ್ಲರೆದುರು ಕುಡಿದರು. ಪ್ರಯಾಣದಲ್ಲಿ ಉಪವಾಸವಿದ್ದವರು ಇಲ್ಲದವರನ್ನೂ, ಇಲ್ಲದವರು ಇದ್ದವರನ್ನೂ ದೂಷಿಸುತ್ತಿರಲಿಲ್ಲ ಎಂಬುದು ಸಹಾಬಿಗಳ ಸಾಕ್ಷ್ಯ.

ಇನ್ನು ಪಾಕಿಸ್ತಾನವನ್ನು ನೋಡೋಣ. 1981ರಲ್ಲಿ ಜನರಲ್ ಝಿಯಾವುಲ್ ಹಕ್ 'ಎಹ್ತೆರಾಮೆ ರಮಝಾನ್' ಸುಗ್ರೀವಾಜ್ಞೆ ಹೊರಡಿಸಿದರು. ರಮಝಾನಿನ ಗೌರವ ಕಾಯುವುದು ಅದರ ಉದ್ದೇಶವಂತೆ. ಉಪವಾಸದ ವೇಳೆ ಸಾರ್ವಜನಿಕ ಸ್ಥಳದಲ್ಲಿ ತಿಂದು ಕುಡಿದರೆ 3 ತಿಂಗಳವರೆಗೆ ಜೈಲು ಅಥವಾ ದಂಡ. ಇಸ್ಲಾಮಿನ ಪ್ರಕಾರ ಉಪವಾಸ ಯಾರಿಗೆ ಕಡ್ಡಾಯವೋ ಅವರಿಗೆ ಮಾತ್ರ ಇದು ಅನ್ವಯವೆಂದು ಆ ಕಾಯ್ದೆಯೇ ಹೇಳುತ್ತದೆ. ರೈಲ್ವೆ ನಿಲ್ದಾಣ, ವಿಮಾನ ನಿಲ್ದಾಣಗಳ ಕ್ಯಾಂಟೀನುಗಳಿಗೆ ವಿನಾಯಿತಿಯೂ ಇದೆ. ಅಂದರೆ ಪ್ರಯಾಣಿಕನ ಹಕ್ಕನ್ನು ಕಾಯ್ದೆಯೂ ಅಲ್ಲಗಳೆದಿಲ್ಲ. ಆದರೆ ನಿಲ್ದಾಣದಿಂದ ಹೊರಬಿದ್ದು ಊರ ಬೀದಿ ಸೇರಿದವನ ಹಣೆಯ ಮೇಲೆ 'ಮುಸಾಫಿರ' ಎಂದು ಬರೆದಿರುತ್ತದೆಯೇ? ಲಾಠಿ ಹಿಡಿದವನು ಫಿಕ್‌ಹ್ ಗ್ರಂಥ ಬಿಡಿಸಿ ನೋಡುತ್ತಾನೆಯೇ?

ಇಲ್ಲ ಎಂಬುದಕ್ಕೆ 2016ರ ಜೂನ್ ತಿಂಗಳ ಘಟನೆಯೇ ಸಾಕ್ಷಿ. ಸಿಂಧ್ ಪ್ರಾಂತದ ಘೋಟ್ಕಿ ಜಿಲ್ಲೆಯಲ್ಲಿ, ಇಫ್ತಾರಿಗೆ ಮುನ್ನ ಉಣ್ಣುತ್ತಿದ್ದ ವೃದ್ಧರೊಬ್ಬರನ್ನು ಪೊಲೀಸನೊಬ್ಬ ರಕ್ತ ಬರುವಂತೆ ಹೊಡೆದ. ಆ ವೃದ್ಧ ಹಿಂದೂ! ಉಪವಾಸದ ಹೊಣೆಯೇ ಇಲ್ಲದವರು. ಪೊಲೀಸನ ಬಂಧನವಾಯಿತು, ನಿಜ. ಆದರೆ ಅನ್ಯರ ತಟ್ಟೆಯೊಳಗೆ ಇಣುಕುವ ಧೈರ್ಯ ಅವನಿಗೆ ಎಲ್ಲಿಂದ ಬಂತು? ಹಿಂದಿನ ವರ್ಷ, 2015ರ ರಮಝಾನಿನಲ್ಲಿ ಕರಾಚಿಯ ಬಿಸಿಲಿನ ಝಳಕ್ಕೆ ಸಾವಿರಕ್ಕೂ ಮಿಕ್ಕಿ ಜನ ಸತ್ತಿದ್ದರು. ಅಂಥ ಬಿಸಿಲಲ್ಲಿ ಬೀದಿಯಲ್ಲಿ ನಿಂತು ನೀರು ಕುಡಿಯಲು ಅಂಜಬೇಕಾದ ಸ್ಥಿತಿಯನ್ನು ರಮಝಾನಿನ ಗೌರವವೆಂದು ಕರೆಯಲು ನಮಗೆ ನಾಲಿಗೆ ಬರುವುದಿಲ್ಲ.

ಉಪವಾಸಿಗರ ಭಾವನೆಗೆ ಬೆಲೆ ಬೇಡವೇ ಎಂದು ಕೇಳುವವರಿದ್ದಾರೆ. ಖಂಡಿತ ಬೇಕು. ಅತಿಥಿಯಾಗಿ ಬಂದವನು ಆತಿಥೇಯರ ರೀತಿ ರಿವಾಜನ್ನು ಗೌರವಿಸಬೇಕು. ಆದರೆ ಗೌರವವೆಂಬುದು ಮನಸ್ಸಿನಿಂದ ಬರಬೇಕೇ ಹೊರತು ಜೈಲಿನ ಭಯದಿಂದಲ್ಲ. ಎದುರಿಗಿದ್ದವನು ಚಹಾ ಕುಡಿದ ಮಾತ್ರಕ್ಕೆ ಕದಲುವ ಉಪವಾಸ ಎಂಥ ಉಪವಾಸ? ಸಂಯಮದ ತರಬೇತಿಗೆಂದೇ ಇರುವ ತಿಂಗಳಲ್ಲಿ ಉಪವಾಸಿಗನ ಬದಲು ಹಸಿದವನಿಂದ ಸಂಯಮ ಬಯಸುವುದು ವಿಪರ್ಯಾಸ.

ಬದಲಾವಣೆ ಅಸಾಧ್ಯವೇನಲ್ಲ. ಮಂಗಳೂರು, ಭಟ್ಕಳಗಳಿಂದ ಕೊಲ್ಲಿಗೆ ಹೋಗಿಬರುವವರು ದುಬೈಯಲ್ಲಿ ರಮಝಾನಿನ ಹಗಲು ಹೊಟೇಲುಗಳಿಗೆ ಇಳಿಬಿಡುತ್ತಿದ್ದ ಪರದೆಗಳನ್ನು ಕಂಡವರೇ. 2021ರಲ್ಲಿ ಆ ಪರದೆಯ ಕಡ್ಡಾಯವನ್ನು ಅಲ್ಲಿನ ಆಡಳಿತ ತೆಗೆದುಹಾಕಿತು. ಅದರಿಂದ ಯಾರ ಉಪವಾಸವೂ ಮುರಿಯಲಿಲ್ಲ.

ಅಲ್ಲಾಹನು ಪ್ರಯಾಣಿಕನಿಗೆ ಕೊಟ್ಟ ಸೌಲಭ್ಯವನ್ನು ಕಿತ್ತುಕೊಳ್ಳುವ ಅಧಿಕಾರವನ್ನು ಸರಕಾರಗಳಿಗೆ ಕೊಟ್ಟವರಾರು? ಈ ಪ್ರಶ್ನೆಯನ್ನು ಮುಸ್ಲಿಮರಾದ ನಾವೇ ಮೊದಲು ಕೇಳಬೇಕು. ದಾರಿಹೋಕನಿಗೆ ನೀರು ಕೊಡುವುದನ್ನು ಪುಣ್ಯವೆಂದು ಕಲಿಸಿದ ಧರ್ಮದ ಹೆಸರಲ್ಲಿ ಅವನ ಕೈಯ ಲೋಟ ಕಸಿಯುವುದನ್ನು ನಾವು ಒಪ್ಪಲಾರೆವು.